ಕಡತ ಮುಟ್ಟಿತು, ತಂತ್ರಾಂಶ ಮುಟ್ಟಲಿಲ್ಲ

ಆಲಮಟ್ಟಿಯ ಜಲಾಶಯಕ್ಕೆ ಸಮೀಪವಾದ ನಿಡಗುಂದಿಯಂಥ ಊರಿನಲ್ಲಿ, ಝೆರಾಕ್ಸ್ ಅಂಗಡಿಯ ಹಳೆಯ ಗಣಕಯಂತ್ರವೊಂದನ್ನು ತೆರೆದು ನೋಡಿದವರಿಗೆ, ಹಲವು ವರ್ಷಗಳ ಅರ್ಜಿಗಳು, ಕರಾರುಪತ್ರಗಳು, ಲಗ್ನಪತ್ರಿಕೆಗಳು, ಜಾತ್ರೆಯ ಕರಪತ್ರಗಳು ನುಡಿ ಅಥವಾ ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಂಚಿತವಾಗಿರುವುದು ಕಂಡೀತು. ನಮ್ಮ ಕಣ್ಣಿಗೆ ಅದು ಕನ್ನಡವೇ. ಯಂತ್ರದ ಪಾಲಿಗಾದರೋ ರೋಮನ್ ಲಿಪಿಯ ಸಂಕೇತಗಳ ಒಂದು ರಾಶಿ, ಫಾಂಟನ್ನು ತೆಗೆದೊಡನೆ ಅರ್ಥಹೀನವಾಗತಕ್ಕದ್ದು. ಇಂಥ ಬರವಣಿಗೆಯನ್ನು ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತಕ್ರಮಕ್ಕೆ ತರಲೆಂದು ಅರವಿಂದ ವಿ.ಕೆ. ಅವರು ಪೈಥಾನ್ ಭಾಷೆಯಲ್ಲಿ ಪರಿವರ್ತಕವೊಂದನ್ನು ರಚಿಸಿ ಮುಕ್ತವಾಗಿ ನೀಡಿರುವರು. ಈ ಬಗೆಯ ಉಪಕಾರಿ ಸಾಧನವೊಂದು, ರಚಿಸಿದವರ ಮೇಜಿನಿಂದ ಅಂಗಡಿಯವರ ಮೇಜಿಗೆ ಬರುವ ದಾರಿಯಲ್ಲಿ ಎಲ್ಲಿ ತಡೆದು ನಿಲ್ಲುತ್ತದೆ ಎಂಬುದನ್ನು ವಿಚಾರಿಸಿದರೆ, ಅಲ್ಲಿ ಅಡ್ಡವಾಗಿ ನಿಂತಿರುವುದು ಬಹುಮಟ್ಟಿಗೆ ನಮ್ಮ ತಪ್ಪು ಕಲ್ಪನೆಗಳೇ.

ಪೆನ್‌ಡ್ರೈವಿನಲ್ಲಿ ಸ್ಕ್ರಿಪ್ಟಿನ ಕಡತವನ್ನು ಹಾಕಿಕೊಟ್ಟರೆ ತಂತ್ರಾಂಶವನ್ನೇ ಕೊಟ್ಟಂತಾಯಿತೆಂಬುದು ಮೊದಲನೆಯ ನಂಬಿಕೆ. ವಸ್ತುತಃ ಆ ಕಡತ ಕೇವಲ ಪಠ್ಯ; ಅದನ್ನು ಓದಿ ನಡೆಯಿಸುವ ಇಂಟರ್‌ಪ್ರಿಟರ್ ಎಂಬ ದುಭಾಷಿ ಅದೇ ಯಂತ್ರದಲ್ಲಿರಬೇಕು. ಲಿನಕ್ಸಿನ ಬಹುತೇಕ ವಿತರಣೆಗಳಲ್ಲಿ ಪೈಥಾನ್ ಮೊದಲೇ ಇರುತ್ತದೆ, ವಿಂಡೋಸಿನಲ್ಲಿ ಇರುವುದಿಲ್ಲ. ‘ಪೈಥಾನನ್ನು ಇಳಿಸಿಕೊಂಡು, ಬೇಕಾದ ಲೈಬ್ರರಿಗಳನ್ನು ಸೇರಿಸಿಕೊಳ್ಳಿರಿ’ ಎಂದು ಅಂಗಡಿಯವರಿಗೆ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲವೆಂದೇ ನನ್ನ ಭಾವನೆ. ದೂರದೂರಿಗೆ ಹೊರಟವನಿಗೆ ಮನೆಯವರು ರೊಟ್ಟಿ, ಶೇಂಗಾಚಟ್ನಿಯ ಬುತ್ತಿ ಕಟ್ಟಿಕೊಡುವರೇ ಹೊರತು ಜೋಳದ ಚೀಲವನ್ನೂ ಬೀಸುವ ಕಲ್ಲನ್ನೂ ಹೊರಿಸುವುದಿಲ್ಲ. ಪೈಇನ್‌ಸ್ಟಾಲರ್, ಸಿಎಕ್ಸ್‌ಫ್ರೀಜ್ ಮೊದಲಾದ ಸಾಧನಗಳು ಮಾಡುವುದು ಈ ಬುತ್ತಿ ಕಟ್ಟುವ ಕೆಲಸವನ್ನೇ: ಕ್ರಮವಿಧಿ, ಅದರ ಲೈಬ್ರರಿಗಳು, ಇಂಟರ್‌ಪ್ರಿಟರ್ ಈ ಮೂರನ್ನೂ ಒಂದೆಡೆ ಕೂಡಿಸಿ ಇಡುತ್ತವೆ.

ಹೀಗೆ ಕಟ್ಟಿದೊಡನೆ ಸ್ಕ್ರಿಪ್ಟು ಯಂತ್ರಭಾಷೆಗೆ ಪರಿವರ್ತಿತವಾಗಿ, ವೇಗವನ್ನು ಪಡೆದು, ಒಳಗಿನ ಬರವಣಿಗೆ ಯಾರಿಗೂ ಕಾಣದಂತಾಗುವುದೆಂದು ಹಲವರು ತಿಳಿದಿದ್ದಾರೆ. ಪೈಇನ್‌ಸ್ಟಾಲರಿನ ಕಟ್ಟಿನೊಳಗಿರುವುದಾದರೋ ಬೈಟ್‌ಕೋಡ್ ಎಂಬ ಮಧ್ಯಂತರ ರೂಪ; ಅದನ್ನು ನಡೆಯಿಸುವುದು ಅದೇ ಇಂಟರ್‌ಪ್ರಿಟರ್; ವೇಗ ಹೆಚ್ಚುವುದಿಲ್ಲ, ಬಲ್ಲವರು ಕಟ್ಟನ್ನು ಬಿಚ್ಚಿ ನೋಡಲೂಬಲ್ಲರು. ಕ್ರಮವಿಧಿಯನ್ನು ಮೊದಲು ಸಿ ಭಾಷೆಗೆ ತಿರುಗಿಸಿ ಆ ಮೇಲೆ ಯಂತ್ರಭಾಷೆಗೆ ಒಯ್ಯುವ ನುಯಿಟ್ಕಾ ಎಂಬ ಸಾಧನದ ಮಾರ್ಗವೇ ಬೇರೆ. ಎಲ್ಲವೂ ಒಂದೇ ಕಡತವಾಗಿರುವುದು ಶ್ರೇಷ್ಠವೆಂಬ ಭಾವನೆಯೂ ಅಷ್ಟೇ ಅಪಕ್ವವಾದುದು. ಆ ಒಂಟಿ ಕಡತ ಪ್ರತಿಸಲ ತೆರೆದಾಗಲೂ ತನ್ನ ಒಡಲಿನ ಸಮಸ್ತವನ್ನು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಡಬೇಕಾಗಿರುವುದರಿಂದ, ಹಳೆಯ ಹಾರ್ಡ್‌ಡಿಸ್ಕಿನ ಯಂತ್ರದಲ್ಲಿ ಕಿಟಕಿ ಮೂಡುವುದು ತಡವಾಗುತ್ತದೆ.

‘ನನ್ನಲ್ಲಿ ನಡೆಯಿತು, ಎಲ್ಲಿಯೂ ನಡೆದೀತು’ ಎಂಬ ನಂಬಿಕೆ ಎಲ್ಲಕ್ಕಿಂತ ಹೆಚ್ಚು ನಷ್ಟವನ್ನುಂಟುಮಾಡಿದೆ. ಲಿನಕ್ಸಿನಲ್ಲಿ ಕುಳಿತು ಪೈಇನ್‌ಸ್ಟಾಲರಿನಿಂದ ವಿಂಡೋಸಿನ ಕಟ್ಟನ್ನು ಮಾಡಲಾಗದು. 64 ಬಿಟ್ಟಿನದು 32 ಬಿಟ್ಟಿನ ವಿಂಡೋಸಿನಲ್ಲಿ ತೆರೆಯದು. ವಿಂಡೋಸ್ 7ರಲ್ಲಿ ನಡೆಯುವ ಕಡೆಯ ಪೈಥಾನ್ ಆವೃತ್ತಿ 3.8; 2020ರ ಅಕ್ಟೋಬರಿನಲ್ಲಿ ಹೊರಬಂದ 3.9ರಿಂದ ಮುಂದಿನವು ಅಲ್ಲಿ ಏಳುವುದೇ ಇಲ್ಲ. ಇವಕ್ಕಿಂತಲೂ ಗೂಢವಾದ ತೊಡಕೊಂದು ನಮ್ಮ ಭಾಷೆಗೇ ಅಂಟಿಕೊಂಡಿದೆ. ಕಡತವನ್ನು ತೆರೆಯುವಾಗ ಸಂಕೇತಕ್ರಮವನ್ನು ಸ್ಪಷ್ಟವಾಗಿ ಹೇಳದಿದ್ದರೆ, ಲಿನಕ್ಸಿನಲ್ಲಿ ಪೈಥಾನ್ ಸಾಮಾನ್ಯವಾಗಿ ಯೂನಿಕೋಡಿನ ಯುಟಿಎಫ್-8 ಎಂದು ಭಾವಿಸುತ್ತದೆ. ನಮ್ಮ ಕಡೆಯ ವಿಂಡೋಸಿನಲ್ಲಿ ಬಹುಮಟ್ಟಿಗೆ ವಿಂಡೋಸ್-1252 ಎಂದು ಹಿಡಿಯುತ್ತದೆ. ಆ ಕ್ರಮದಲ್ಲಿ ಕನ್ನಡದ ಒಂದಕ್ಷರಕ್ಕೂ ಸ್ಥಾನವಿಲ್ಲವಾದುದರಿಂದ, ಪರಿವರ್ತಿತವಾದ ಮೊದಲ ಸಾಲನ್ನು ಬರೆಯಹೊರಟೊಡನೆಯೇ ಕ್ರಮವಿಧಿ ಮುರಿದುಬೀಳುತ್ತದೆ. ಓದುವಾಗಲೂ ವಿಪತ್ತು ತಪ್ಪದು: ಒತ್ತಕ್ಷರಗಳನ್ನು ಕೂಡಿಸುವ ಹಲಂತ ಚಿಹ್ನೆಯು ಯುಟಿಎಫ್-8ರಲ್ಲಿ ಮೂರು ಬೈಟುಗಳಾಗಿದ್ದು, ಅವುಗಳಲ್ಲಿ ಕೊನೆಯದಾದ 141ಕ್ಕೆ ಪೈಥಾನಿನ ವಿಂಡೋಸ್-1252 ಪಟ್ಟಿಯಲ್ಲಿ ಯಾವ ಅರ್ಥವೂ ಇಲ್ಲ. ಒತ್ತಕ್ಷರವಿಲ್ಲದ ‘ನಮ’ ಎಂಬುದು ಕೆಟ್ಟ ರೂಪದಲ್ಲಾದರೂ ದಾಟಿಹೋದೀತು. ‘ನಮ್ಮ’ ಎಂಬುದು ದಾಟದು! ರಚಿಸಿದವರು ತಮ್ಮ ಲಿನಕ್ಸಿನಲ್ಲಿ ಎಷ್ಟು ಪರೀಕ್ಷಿಸಿದರೂ ಈ ದೋಷವನ್ನು ಕಾಣಲಾರರು. ಪರಿಹಾರವಾದರೋ ಅತ್ಯಲ್ಪ: ಯೂನಿಕೋಡ್ ಕಡತ ತೆರೆಯುವ ಪ್ರತಿಯೊಂದೆಡೆಯಲ್ಲಿಯೂ ಯುಟಿಎಫ್-8 ಎಂದು ಬರೆದಿಡುವುದು. 3.15ನೆಯ ಆವೃತ್ತಿಯಿಂದ ಅದನ್ನೇ ಸಹಜಕ್ರಮವನ್ನಾಗಿಸಲು ಪೈಥಾನಿನ ನಿರ್ಮಾತೃಗಳು ನಿಶ್ಚಯಿಸಿರುವರಾದರೂ, ಹಳೆಯ ಇಂಟರ್‌ಪ್ರಿಟರನ್ನು ಒಡಲಲ್ಲಿಟ್ಟುಕೊಂಡ ಕಟ್ಟುಗಳಿಗೆ ಅದರಿಂದ ಪ್ರಯೋಜನವಿಲ್ಲ.

ಆಂಟಿವೈರಸ್ ಎಚ್ಚರಿಸಿದರೆ ಕಟ್ಟಿನಲ್ಲಿ ವಿಷವಿದೆಯೆಂದು ಅಂಗಡಿಯವರು ಹೆದರುವುದು ಸಹಜ. ‘ಅದನ್ನು ಆರಿಸಿಬಿಡಿರಿ’ ಎಂದು ರಚಿಸಿದವರು ಹೇಳುವುದು ಅಕ್ಷಮ್ಯ. ಪೈಇನ್‌ಸ್ಟಾಲರಿನ ಕಟ್ಟುಗಳಿಗೆಲ್ಲ ಮೊದಲು ಏಳುವ ಚಿಕ್ಕ ಕ್ರಮವಿಧಿ ಸಾಮಾನ್ಯವಾಗಿ ಒಂದೇ; ದುರುದ್ದೇಶದವರೂ ಅದನ್ನೇ ಬಳಸಿರುವುದರಿಂದ ಸಜ್ಜನರ ಕೃತಿಯೂ ಸಂಶಯಕ್ಕೆ ಗುರಿಯಾಗುತ್ತದೆ. ಆ ಭಾಗವನ್ನು ತಾವೇ ಹೊಸದಾಗಿ ಕಂಪೈಲ್ ಮಾಡುವುದು, ಒಂಟಿ ಕಡತದ ಬದಲು ಫೋಲ್ಡರನ್ನು ಕೊಡುವುದು, ಸಾಧ್ಯವಾದರೆ ಡಿಜಿಟಲ್ ಸಹಿ ಹಾಕುವುದು, ತಪ್ಪು ಎಚ್ಚರಿಕೆಯನ್ನು ಆಂಟಿವೈರಸ್ ಸಂಸ್ಥೆಗೆ ತಿಳಿಸುವುದು, ಇವು ಮಾಡತಕ್ಕ ಕೆಲಸಗಳು. ಅಂಗಡಿಯ ಯಂತ್ರದಲ್ಲಿ ಊರವರ ಆಧಾರ್ ಪ್ರತಿಗಳೂ ಪಹಣಿಗಳೂ ಇರುವಾಗ, ಅದರ ಕಾವಲನ್ನು ತೆಗೆಯಿಸುವ ಅಧಿಕಾರ ನಮಗೆಲ್ಲಿಯದು?

ಹಾಗಾಗಿ ಇಂಥ ಪರಿವರ್ತಕವನ್ನು ವಿಂಡೋಸ್ 7 ಇನ್ನೂ ಉಳಿದಿರುವ ಅಂಗಡಿಗೆ ಮುಟ್ಟಿಸಬೇಕೆಂದಿರುವವರು, 32 ಬಿಟ್ಟಿನ ಪೈಥಾನ್ 3.8ರಲ್ಲಿ ಕಟ್ಟಿದ ಫೋಲ್ಡರೊಂದನ್ನು, ಮುಕ್ತವಾದ ಯೂನಿಕೋಡ್ ಫಾಂಟನ್ನು, ಕನ್ನಡದಲ್ಲಿಯೇ ಬರೆದ ಒಂದು ಪುಟದ ಸೂಚನೆಯನ್ನು ಜೊತೆಗೂಡಿಸಿ, ಪೈಥಾನ್ ಎಂದೂ ಇರದಿದ್ದ, ಇಂಟರ್‌ನೆಟ್ಟಿನ ತಂತಿಯನ್ನು ಕಿತ್ತಿರಿಸಿದ ಯಂತ್ರದಲ್ಲಿ, ಒತ್ತಕ್ಷರಗಳು ಹೇರಳವಾಗಿರುವ ಹಳೆಯ ಅರ್ಜಿಯೊಂದನ್ನು ಪರಿವರ್ತಿಸಿ, ಬಂದ ಫಲವನ್ನು ಮತ್ತೊಮ್ಮೆ ತೆರೆದು ಓದಿ ನೋಡತಕ್ಕದ್ದು.