ಪ್ರಖ್ಯಾತ ಹಿಡಿತಗಾರನನ್ನು ತಂಡವು ಬಿಟ್ಟುಕೊಡಬಹುದೆ? : ಕಬಡ್ಡಿಯ ಹರಾಜು ಪದ್ಧತಿಯನ್ನು ಕುರಿತು ಒಂದು ವಿವೇಚನೆ

ಪ್ರೊ ಕಬಡ್ಡಿ ಲೀಗಿನ ಆಟಗಾರರ ಹರಾಜು ಮುಗಿದ ಮರುದಿನ, ಕೊತ್ತತ್ತಿಯ ಸುತ್ತಣ ಹಳ್ಳಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಪಾಠಕ್ಕೆ ಮೊದಲೇ ಒಂದು ವಾದವನ್ನು ಹೂಡಿರುತ್ತಾರೆ. ಕಪ್ಪು ಗೆದ್ದುಕೊಟ್ಟ ಆಟಗಾರನನ್ನು ಆ ತಂಡದವರು ಏತಕ್ಕೆ ಬಿಟ್ಟರು ಎಂಬುದೇ ಆ ವಾದದ ವಿಷಯ. ರೈಡರನ ವಿಷಯದಲ್ಲಾದರೆ ಉತ್ತರ ಬೇಗ ದೊರೆಯುತ್ತದೆ. ಅವನು ತಂದ ಅಂಕಗಳು ಎಲ್ಲರ ಕಣ್ಣಿಗೂ ಕಾಣುತ್ತವೆ. ಆದರೆ ಎದುರಾಳಿಯ ರೈಡರನ್ನು ಹಿಡಿದು ನಿಲ್ಲಿಸುವ ಆಟಗಾರನ ಬೆಲೆಯನ್ನು ಅಳೆಯುವುದು ಅಷ್ಟು ಸುಲಭವಲ್ಲ. ಈ ಕಿರುಲೇಖನದಲ್ಲಿ ಅಂಥವನನ್ನು ಬಿಟ್ಟುಕೊಡುವುದು ಯಾವಾಗ ವಿವೇಕ, ಯಾವಾಗ ಅವಿವೇಕ ಎಂಬುದನ್ನು ಇತ್ತೀಚಿನ ಕೆಲವು ವರ್ಷಗಳ ದಾಖಲೆಯಿಂದ ಪರಿಶೀಲಿಸಲು ಯತ್ನಿಸಲಾಗಿದೆ. ಚರಿತ್ರೆಯ ಅಧ್ಯಾಪಕನಿಗೆ ಆಟದ ಗೊಡವೆ ಏಕೆಂದು ಕೆಲವರು ಕೇಳಬಹುದು. ಸಾಕ್ಷ್ಯಗಳನ್ನು ಹೇಗೆ ತೂಗಬೇಕೆಂಬುದು ಇಲ್ಲಿಯೂ ಮುಖ್ಯ ಪ್ರಶ್ನೆಯಾಗಿರುವುದರಿಂದ ಈ ಗೊಡವೆ ಸಲ್ಲುವುದೆಂದು ನನ್ನ ನಂಬಿಕೆ.

ಮೊದಲು ಅಂಕಣದ ವಿಚಾರ. ರೈಡರನು ಮೂವತ್ತು ಸೆಕೆಂಡುಗಳ ಅವಧಿಗೆ ಒಳಗೆ ಬಂದಾಗ ಏಳು ಮಂದಿ ಅರ್ಧಚಂದ್ರಾಕಾರವಾಗಿ ನಿಂತಿರುತ್ತಾರೆ. ಎರಡು ತುದಿಗಳಲ್ಲಿ ನಿಂತವರಿಗೆ ಕಾರ್ನರ್ ಎಂದು ಹೆಸರು. ಸಾಮಾನ್ಯವಾಗಿ ಕಾರ್ನರಿನವನೇ ಹಿಂದಿನಿಂದ ನುಗ್ಗಿ ರೈಡರನ ಹರಡನ್ನೋ ತೊಡೆಯನ್ನೋ ಹಿಡಿಯುತ್ತಾನೆ. ಆ ಹಿಡಿತ ಒಂದು ಕ್ಷಣ ಉಳಿದರೆ ಪಕ್ಕದ ಕವರಿನವನು ಬಂದು ಮಧ್ಯದ ಗೆರೆಯ ಕಡೆಗೆ ಅಡ್ಡಗಟ್ಟುತ್ತಾನೆ. ಅವನು ಒಂದು ಹೆಜ್ಜೆ ತಡಮಾಡಿದರೆ, ರೈಡರನು ತನ್ನನ್ನು ಮುಟ್ಟಿದ ಅಷ್ಟೂ ಮಂದಿಯನ್ನು ಔಟು ಮಾಡಿಕೊಂಡು ಗೆರೆ ದಾಟುತ್ತಾನೆ. ಆದುದರಿಂದ ಹಿಡಿತವೆಂಬುದು ಒಬ್ಬನಿಂದ ಪ್ರಾರಂಭವಾಗಿ ಇಬ್ಬರು ಮೂವರಿಂದ ಪೂರ್ಣವಾಗತಕ್ಕ ಕಾರ್ಯ. ಹೀಗಿದ್ದರೂ ದಾಖಲೆಯಲ್ಲಿ ಟ್ಯಾಕಲ್ ಅಂಕವು ಒಬ್ಬನ ಹೆಸರಿಗೇ ಸೇರುತ್ತದೆ.

ಇಲ್ಲಿ ನಮ್ಮ ಜಿಲ್ಲೆಯ ಒಂದು ಶಾಸನ ನೆನಪಿಗೆ ಬರುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ನಡುವಿನ ಆ ಪ್ರಸಿದ್ಧ ಶಾಸನದಲ್ಲಿ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ಒಡೆಯನು ಮೆಚ್ಚಿ ಬೇಡಿದ್ದನ್ನು ಕೇಳೆಂದಾಗ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ ಸಂಗತಿ ಇದೆ. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಬೇಟೆಯಲ್ಲಿ ಬೇರೆ ಯಾರು ಯಾರಿದ್ದರೋ, ಕಲ್ಲಿನ ಮೇಲೆ ಉಳಿದ ಬೇಟೆನಾಯಿಯ ಹೆಸರು ಕಾಳಿಯದು ಮಾತ್ರ. ಟ್ಯಾಕಲ್ ಅಂಕದ ಪಟ್ಟಿಯೂ ಒಂದು ಬಗೆಯ ವೀರಗಲ್ಲೇ ಸರಿ. ಅದನ್ನು ಓದುವವನು ಪಕ್ಕದಲ್ಲಿ ನಿಂತವರನ್ನು ಊಹಿಸಿಕೊಂಡು ಓದಬೇಕು.

ಇನ್ನು ಹರಾಜಿನ ನಿಯಮ. 2014ರಲ್ಲಿ ಆರಂಭವಾದ ಈ ಲೀಗಿನಲ್ಲಿ ತಂಡವು ಆಟಗಾರನನ್ನು ಕೈಬಿಟ್ಟರೆ ಅವನ ಬದಲಿಗೆ ಇನ್ನೊಬ್ಬ ಆಟಗಾರನು ತಾನಾಗಿ ಬರುವುದಿಲ್ಲ. ದೊರೆಯುವುದು ಹಣದ ಚೀಲದಲ್ಲಿ ಒಂದಷ್ಟು ಜಾಗ. 2023ರ ಹರಾಜಿನಿಂದ ಈ ಚೀಲದ ಮಿತಿ ತಂಡವೊಂದಕ್ಕೆ 5 ಕೋಟಿ ರೂಪಾಯಿ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ನಮ್ಮ ಕಾಲ್ಚೆಂಡಿಗಿಂತ ತೀರ ಭಿನ್ನವಾದ ಆಟದಲ್ಲಿ ಕ್ರಮ ಬೇರೆ. ಅಲ್ಲಿ 2025ರ ಆಗಸ್ಟಿನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವು ಮೈಕಾ ಪಾರ್ಸನ್ಸ್ ಎಂಬ ರಕ್ಷಣಾ ಪಂಕ್ತಿಯ ಶ್ರೇಷ್ಠ ಆಟಗಾರನನ್ನು ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಕೊಟ್ಟು, ಕೆನ್ನಿ ಕ್ಲಾರ್ಕ್ ಎಂಬ ಇನ್ನೊಬ್ಬ ರಕ್ಷಣಾ ಆಟಗಾರನನ್ನೂ, ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲ ಸುತ್ತಿನ ಎರಡು ಅವಕಾಶಗಳನ್ನೂ ಪಡೆಯಿತು. ಏನು ಕೊಟ್ಟರು, ಏನು ಪಡೆದರು ಎಂಬುದನ್ನು ಎದುರುಬದುರಾಗಿ ಇಟ್ಟು ನೋಡಬಹುದು. ಕಬಡ್ಡಿಯಲ್ಲಿ ಬಿಟ್ಟವರ ಲಾಭವು ಆ ಹಣದಿಂದ ಮುಂದೆ ಏನನ್ನು ಕೊಂಡರು ಎಂಬುದರಲ್ಲಿ ಅಡಗಿರುತ್ತದೆ. ಬಿಟ್ಟವನನ್ನು ಹರಾಜಿನ ಕೊನೆಯ ಬೆಲೆಗೆ ಮರಳಿ ಪಡೆಯಲು 'ಫೈನಲ್ ಬಿಡ್ ಮ್ಯಾಚ್' ಎಂಬ ಹಕ್ಕೂ ಉಂಟು. ಆದಕಾರಣ ಕೈಬಿಡುವುದೆಂದರೆ ಯಾವಾಗಲೂ ಶಾಶ್ವತ ವಿಯೋಗವಲ್ಲ.

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ನಿದರ್ಶನ ಇರಾನಿನ ಮೊಹಮ್ಮದ್‌ರೇಜಾ ಶಾದ್ಲೂಯಿ ಅವರದು. 2018ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಭಾರತದ ಪುರುಷರನ್ನು ಸೆಮಿಫೈನಲ್ಲಿನಲ್ಲಿ ಸೋಲಿಸಿ ಚಿನ್ನ ಗೆದ್ದ ದೇಶದಿಂದ ಬಂದ ಈ ಎಡ ಕಾರ್ನರಿನ ಆಟಗಾರ ಮೊದಲು ಪಟ್ನಾ ಪೈರೇಟ್ಸಿನಲ್ಲಿದ್ದರು. 2022ರ ಋತುವಿನಲ್ಲಿ ದಬಂಗ್ ದೆಹಲಿಯ ವಿರುದ್ಧ ಒಂದೇ ಪಂದ್ಯದಲ್ಲಿ 16 ಟ್ಯಾಕಲ್ ಅಂಕಗಳನ್ನು ಗಳಿಸಿದರು. ಆದರೂ ಆ ವರ್ಷ ಪಟ್ನಾ ತಂಡ ಹತ್ತನೆಯ ಸ್ಥಾನಕ್ಕೆ ಇಳಿಯಿತು. ಪಟ್ನಾ ಅವರನ್ನು ಬಿಟ್ಟಿತು. 2023ರ ಹರಾಜಿನಲ್ಲಿ ಪುಣೇರಿ ಪಲ್ಟನ್ 2.35 ಕೋಟಿಗೆ, ಎಂದರೆ ಚೀಲದ ಅರ್ಧಕ್ಕೆ ಸ್ವಲ್ಪವೇ ಕಡಮೆಯಾದ ಹಣಕ್ಕೆ, ಕೊಂಡಿತು. ಅದೇ ಪುಣೆಯವರು ತಮ್ಮನ್ನು ಹಿಂದಿನ ವರ್ಷ ಫೈನಲ್ಲಿಗೆ ಒಯ್ದ ಫಜಲ್ ಅತ್ರಾಚಲಿ ಎಂಬ ಇನ್ನೊಬ್ಬ ಇರಾನೀ ಹಿಡಿತಗಾರರನ್ನು ಬಿಟ್ಟಿದ್ದರು. ಪುಣೆಗೆ ಆಗ ತರಬೇತುದಾರರಾಗಿದ್ದವರು ನಮ್ಮ ಕರ್ನಾಟಕದ ಬಿ. ಸಿ. ರಮೇಶರು. ಶಾದ್ಲೂಯಿ 99 ಟ್ಯಾಕಲ್ ಅಂಕ ಗಳಿಸಿದರು. 2024ರ ಮಾರ್ಚ್ 1ರಂದು ಪುಣೆ ಹರಿಯಾಣ ಸ್ಟೀಲರ್ಸನ್ನು 28-25ರಿಂದ ಸೋಲಿಸಿ ಮೊದಲ ಸಲ ಪ್ರಶಸ್ತಿ ಪಡೆಯಿತು.

ವಿದ್ಯಾರ್ಥಿಗಳ ವಾದ ತಾರಕಕ್ಕೇರಿದ್ದು ಇದಾದ ಮೇಲೆ. ಪುಣೆಯವರು ಅವರನ್ನೂ ಬಿಟ್ಟರು. ಹರಿಯಾಣದವರು 2.07 ಕೋಟಿಗೆ ಕೊಂಡು 2024ರ ಡಿಸೆಂಬರಿನಲ್ಲಿ ಪಟ್ನಾವನ್ನು 32-23ರಿಂದ ಮಣಿಸಿ ಪ್ರಶಸ್ತಿ ಗೆದ್ದರು. ಪುಣೆ ಪ್ಲೇ-ಆಫ್ ಹಂತವನ್ನೂ ಮುಟ್ಟಲಿಲ್ಲ. ಇಷ್ಟಕ್ಕೇ ನಿಂತರೆ ತೀರ್ಪು ಸುಲಭ: ಬಿಟ್ಟವರು ಕೆಟ್ಟರು, ಕೊಂಡವರು ಗೆದ್ದರು. ಆದರೆ ಆ ವರ್ಷ ಪುಣೆಯ ನಾಯಕ ಅಸ್ಲಂ ಇನಾಮದಾರರು ಗಾಯಗೊಂಡು ಹೊರಗುಳಿದಿದ್ದರು ಎಂಬುದನ್ನು ಮರೆಯಬಾರದು. 2025ರಲ್ಲಿ ಗೌರವ್ ಖತ್ರಿ, ಅಭಿನೇಶ್ ನಟರಾಜನ್ ಮೊದಲಾದ ತಮ್ಮ ಹಳೆಯ ಹಿಡಿತಗಾರರನ್ನೇ ನೆಚ್ಚಿದ ಅದೇ ಪುಣೆ ಲೀಗ್ ಹಂತದಲ್ಲಿ ಮೊದಲನೆಯದಾಗಿ, ಫೈನಲ್ಲಿನಲ್ಲಿ ದೆಹಲಿಗೆ ಮೂರೇ ಅಂಕಗಳಿಂದ ಸೋತಿತು. ಶಾದ್ಲೂಯಿಯನ್ನು ಮೊದಲು ಬಿಟ್ಟ ಪಟ್ನಾ ಮುಂದಿನ ವರ್ಷವೇ ಸೆಮಿಫೈನಲ್ಲನ್ನೂ, ಅದರ ಮುಂದಿನ ವರ್ಷ ಫೈನಲ್ಲನ್ನೂ ಮುಟ್ಟಿತ್ತು. 2025ರಲ್ಲಿ ಅವರಿಗಾಗಿ 2.23 ಕೋಟಿ ವೆಚ್ಚಮಾಡಿದ ಗುಜರಾತ್ ಜೈಂಟ್ಸ್ ಲೀಗ್ ಹಂತದಲ್ಲೇ ಹೊರಬಿದ್ದಿತು. ಒಂದೇ ವರ್ಷದ ಫಲವನ್ನು ನೋಡಿ ನೀತಿಯನ್ನು ಅಳೆದರೆ ಎಂಥ ತಪ್ಪಾಗುವುದೆಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಅದೇ ಮನುಷ್ಯನಿಂದ ಪುಣೆ, ಹರಿಯಾಣಗಳು ಗೆದ್ದು, ಪಟ್ನಾ, ಗುಜರಾತುಗಳು ಏಕೆ ಗೆಲ್ಲಲಿಲ್ಲ? ಹರಿಯಾಣದ ಸಂಗತಿ ಉತ್ತರವನ್ನು ಸೂಚಿಸುತ್ತದೆ. ಜೈದೀಪ್ ದಹಿಯಾ ಮತ್ತು ರಾಹುಲ್ ಸೇತ್ಪಾಲ್ ಅವರಿದ್ದ ಅದರ ರಕ್ಷಣೆ ಶಾದ್ಲೂಯಿ ಬರುವ ಮೊದಲೇ ತಂಡವನ್ನು ಫೈನಲ್ಲಿಗೆ ತಲಪಿಸಿತ್ತು. ಒಬ್ಬರನ್ನೊಬ್ಬರು ಅರಿತ ಸರಪಣಿಗೆ ಅವರು ಕೊನೆಯ ಕೊಂಡಿಯಾದರು. ನಮ್ಮ ಕಡೆಯ ಹಬ್ಬದ ಪಂದ್ಯಗಳಲ್ಲಿಯೂ ಇದನ್ನು ಕಂಡಿದ್ದೇನೆ. ಹೊರ ಊರಿನ ಹೆಸರಾಂತ ಆಟಗಾರನನ್ನು ಒಂದು ದಿನಕ್ಕೆಂದು ಕರೆತರುತ್ತಾರೆ. ಅವನು ಹರಡನ್ನು ಸರಿಯಾಗಿಯೇ ಹಿಡಿಯುತ್ತಾನೆ. ಪಕ್ಕದ ಹುಡುಗ ಅವನ ಸನ್ನೆ ತಿಳಿಯದೆ ನಿಂತೇ ಇರುತ್ತಾನೆ. ಊರಿನವರು ಬೈಯುವುದು ಕರೆತಂದವನನ್ನು!

ಆದುದರಿಂದ ನನ್ನ ಅಭಿಪ್ರಾಯ ಹೀಗೆ: ಎದುರು ಕಾರ್ನರಿನವನೂ ಕವರುಗಳೂ ಎರಡು ಮೂರು ಋತು ಒಟ್ಟಿಗೆ ಆಡಿದವರಾಗಿದ್ದು, ಒಬ್ಬನ ಬೆಲೆ ಚೀಲದ ಅರ್ಧವನ್ನು ಸಮೀಪಿಸುತ್ತಿದ್ದರೆ, ಅವನನ್ನು ಬಿಡುವುದು ಯುಕ್ತ, ಒಂದು ವರ್ಷದ ಸೋಲನ್ನು ಸಹಿಸುವ ಧೈರ್ಯ ಮಾತ್ರ ಬೇಕು. ರಕ್ಷಣೆಯ ಉಳಿದವರೆಲ್ಲ ಹೊಸಬರಾಗಿದ್ದು, ಬಿಡುಗಡೆಯಾದ ಹಣವನ್ನು ಇನ್ನೊಬ್ಬ ಹೆಸರುವಾಸಿ ರೈಡರನ ಮೇಲೆ ಸುರಿಯುವ ಉದ್ದೇಶವಿದ್ದರೆ, ಬಿಡಕೂಡದು.

ಬೆಂಗಳೂರು ಬುಲ್ಸ್ ತಂಡದ ಅಭಿಮಾನಿಗಳು ಇದನ್ನು ತಮ್ಮ ತಂಡಕ್ಕೆ ಹೋಲಿಸಿ ನೋಡಬಹುದು. 2022ರಲ್ಲಿ ಅವರು ಪವನ್ ಸೆಹ್ರಾವತ್ ಎಂಬ ರೈಡರನ್ನು ಬಿಟ್ಟರು. ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಗಾಯಗೊಂಡು ಅವರು ಆ ಋತುವನ್ನೇ ಕಳೆದುಕೊಂಡರು. ಬುಲ್ಸ್ ಸೆಮಿಫೈನಲ್ ಮುಟ್ಟಿತು. 2024ರಲ್ಲಿ ಪರ್‌ದೀಪ್ ನರ್ವಾಲರಂಥ ಹಿರಿಯ ರೈಡರನ್ನು ತಂದರೂ ತಂಡ ಕಟ್ಟಕಡೆಯ ಸ್ಥಾನಕ್ಕೆ ಬಿದ್ದಿತು. ಮರುವರ್ಷ ತರಬೇತುದಾರರಾಗಿ ಬಂದವರು ರಮೇಶರೇ. ಗುಜರಾತು ಶಾದ್ಲೂಯಿ ಒಬ್ಬರಿಗೆ 2.23 ಕೋಟಿ ತೆತ್ತ ಅದೇ ಹರಾಜಿನಲ್ಲಿ ಬುಲ್ಸ್ ಯೋಗೇಶ್ ದಹಿಯಾ ಅವರಿಗೆ 1.125 ಕೋಟಿ, ಅಂಕುಶ್ ರಾಠಿ ಅವರಿಗೆ ಸುಮಾರು 90 ಲಕ್ಷ ಕೊಟ್ಟು, ಒಬ್ಬನ ಬೆಲೆಯೊಳಗೆ ಎರಡು ಕಾರ್ನರುಗಳನ್ನು ಕೊಂಡಿತು. ಋತು ಸಾಗಿದಂತೆ ದೀಪಕ್ ಶಂಕರ್ ಎಂಬ ತರುಣರೂ ಹಿಡಿತದಲ್ಲಿ ಮುಂದೆ ನಿಂತರು. ಇರಾನಿನ ಅಲಿರೇಜಾ ಮಿರ್ಜಾಯಿಯನ್ ಅಂಕಗಳ ಹೆಚ್ಚಿನ ಭಾರ ಹೊತ್ತದ್ದರಿಂದ ಇಡೀ ಕೀರ್ತಿ ರಕ್ಷಣೆಗೇ ಸಲ್ಲದು. ಆದರೂ ಹಿಂದಿನ ವರ್ಷ ಕೊನೆಯದಾಗಿದ್ದ ತಂಡವು ಲೀಗ್ ಹಂತವನ್ನು ಮೂರನೆಯದಾಗಿ ಮುಗಿಸಿತು.