ಉಯ್ಯಾಲೆಗಿಂತ ಮೊದಲು ನೆಲ

ದೆಹಲಿಯ ಲೋಧಿ ಕಾಲೋನಿ ಬ್ರಿಟಿಷರು ಸರ್ಕಾರಿ ನೌಕರರಿಗಾಗಿ 1940ರ ದಶಕದಲ್ಲಿ ಕಟ್ಟಿಸಿದ ಬಡಾವಣೆ. ಕಮಾನುಗಳ ಹಿಂದಿನ ಅಂಗಳಗಳಲ್ಲಿ ಮಕ್ಕಳಿಗೊಂದು ಉಯ್ಯಾಲೆ, ಜಾರುಬಂಡೆ ಇಡುವ ಆಸೆ ಸಹಜ. ಕೊಳ್ಳುವವರು ಬಣ್ಣ, ಬೆಲೆ ನೋಡುತ್ತಾರೆ. ಕೆಳಗಿನ ನೆಲವನ್ನು ನೋಡುವವರು ಕಡಿಮೆ. ಆದರೆ ಆಟದ ಸಾಧನಗಳಿಂದಾಗುವ ದೊಡ್ಡ ಗಾಯಗಳಲ್ಲಿ ಹೆಚ್ಚಿನವು ಬೀಳುವುದರಿಂದ ಆಗುವಂಥವು. ಸಿಮೆಂಟಿನ ಮೇಲೆ ನಿಂತ ದುಬಾರಿ ಸಾಧನಕ್ಕಿಂತ ಮರಳಿನ ಮೇಲಿನ ಸಾದಾ ಉಯ್ಯಾಲೆಯೇ ಮೇಲು. ಹುಲ್ಲೂ ಸಾಲದು, ತುಳಿದಂತೆಲ್ಲ ಗಟ್ಟಿಯಾಗುತ್ತದೆ. ಸಡಿಲ ಮರಳು ಅಥವಾ ಮರದ ಚೂರು ಸುಮಾರು 9 ಇಂಚು ದಪ್ಪ, ಸುತ್ತ 6 ಅಡಿ ತೆರವು ಇರಲಿ ಎನ್ನುತ್ತದೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ.

'ನಾವೆಲ್ಲ ಮಣ್ಣಲ್ಲೇ ಬಿದ್ದು ಬೆಳೆದವರಲ್ಲವೇ?' ಎಂಬ ಆಕ್ಷೇಪ ಇದ್ದದ್ದೇ. ಮಂಡಿ ತರಚುವುದು ಬೇರೆ, ತಲೆಬುರುಡೆ ಕಾಂಕ್ರೀಟಿಗೆ ಬಡಿಯುವುದು ಬೇರೆ. ಸರ್ಕಾರಿ ಕ್ವಾರ್ಟರ್ಸಿನಲ್ಲಿ ನೆಲ ಅಗೆಯಲಾಗದು ಎಂಬುದು ಮಾತ್ರ ತೂಕದ ಮಾತು. ಹಾಗಿದ್ದರೆ ಎತ್ತರದ ಆಸೆ ಬಿಟ್ಟು ಮರಳುತೊಟ್ಟಿ, ಹುಲ್ಲಿನ ಮೇಲೆ ನೆಲಕ್ಕಂಟಿದ ಸಮತೋಲನದ ಹಲಗೆ ಸಾಕು. ಇನ್ನು ಸಾಧನದ ಮಾತು. ಭಾರತದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಮನೆಬಳಕೆಯ ಉಯ್ಯಾಲೆ, ಜಾರುಬಂಡೆಗಳಿಗೆ ಐಎಸ್ 9873 ಮಾನದಂಡದ 4ನೇ ಭಾಗವಿದೆ. ಗುರುತು ಸಾಧನದ್ದು, ನೆಲದ್ದಲ್ಲ. ಮಗುವಿನ ತಲೆ ಸಿಕ್ಕಿಬೀಳದಂತೆ ಸಾಧನದ ಸಂದುಗಳು ಮೂರೂವರೆ ಇಂಚಿಗಿಂತ ಕಿರಿದಾಗಿರಬೇಕು, ಇಲ್ಲವೇ 9 ಇಂಚಿಗಿಂತ ಅಗಲವಾಗಿರಬೇಕು. ದೆಹಲಿಯ ಮೇ ತಿಂಗಳಲ್ಲಂತೂ ಲೋಹದ ಜಾರುಬಂಡೆ ಕಾವಲಿಯೇ ಸರಿ. ಅದನ್ನು ಬೇವಿನ ನೆರಳಿಗೆ ಸರಿಸಿ, ಕೈಯಿಟ್ಟು ನೋಡಿದ ಮೇಲೆಯೇ ಮಗುವನ್ನು ಹತ್ತಿಸಬೇಕು.