ಓದಿನ ಸಾಲ: ಸಹಿ ಹಾಕುವ ಮುನ್ನ

ನಿಪ್ಪಾಣಿಯ ತಂಬಾಕಿನ ಹೊಲವಿರಲಿ, ರಾಯಬಾಗ, ಕಾಗವಾಡದ ಕಬ್ಬಿನ ಗದ್ದೆಯಿರಲಿ, ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕ ಸಂತಸದ ಹಿಂದೆಯೇ ಶುಲ್ಕದ ಚಿಂತೆ. ಬೆಳೆಯ ಹಣ ಬರುವವರೆಗೆ ಕಾಲೇಜು ಕಾಯುವುದಿಲ್ಲ. ಚಿಕ್ಕೋಡಿ, ಅಥಣಿಯ ಬ್ಯಾಂಕುಗಳ ಮೆಟ್ಟಿಲೇರುವ ಮುನ್ನ ಕೆಲವು ನಿಯಮ ತಿಳಿದಿರಲಿ.

4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಹೊಲ, ಮನೆ ಅಡವಿಡಬೇಕಿಲ್ಲ. ಆದರೆ ತಂದೆ ಅಥವಾ ತಾಯಿ 'ಸಹಸಾಲಗಾರ'. ಮಕ್ಕಳು ಕಟ್ಟದಿದ್ದರೆ ಹೊಣೆ ಅವರದೇ. 'ಮೊರಟೋರಿಯಂ' ಎಂದರೆ ಕಂತಿಗೆ ಬಿಡುವು: ಓದಿನ ಅವಧಿ, ಜೊತೆಗೆ ಸಾಮಾನ್ಯವಾಗಿ 1 ವರ್ಷ. ಬಿಡುವು ಕಂತಿಗೆ ಮಾತ್ರ, ಬಡ್ಡಿಗಲ್ಲ. 1 ಲಕ್ಷಕ್ಕೆ ಶೇ. 10ರ ಸರಳ ಬಡ್ಡಿಯೇ 5 ವರ್ಷಕ್ಕೆ 50 ಸಾವಿರ!

2009ರಲ್ಲಿ ಆರಂಭವಾದ ಕೇಂದ್ರ ಯೋಜನೆಯಲ್ಲಿ, ವಾರ್ಷಿಕ ಆದಾಯ 4.5 ಲಕ್ಷ ಮೀರದ ಕುಟುಂಬದ ವೃತ್ತಿಪರ, ತಾಂತ್ರಿಕ ಕೋರ್ಸಿನ ಅರ್ಹ ವಿದ್ಯಾರ್ಥಿಗಳ ಈ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. 2024ರ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಆದಾಯಮಿತಿ 8 ಲಕ್ಷ. ಆಯ್ದ ಸಂಸ್ಥೆಗಳಲ್ಲಿ ಓದುವ ಅರ್ಹರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ.

ಕೊಲ್ಹಾಪುರ, ಸಾಂಗ್ಲಿಯ ಕಾಲೇಜು ಸೇರಿದರೂ ಕೇಂದ್ರದ ಯೋಜನೆಗೆ ರಾಜ್ಯದ ಗಡಿ ಅಡ್ಡಿಯಲ್ಲ. ಆ ಕಾಲೇಜು ಯೋಜನೆಗೆ ಒಳಪಟ್ಟಿದೆಯೇ ಎಂದು ಮೊದಲು ಕೇಳಿ, ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಸಹಿ ಅನಂತರ ಹಾಕಿದರಾಯಿತು.